ಬಲಗಡೆಯ ಹೆಡ್‌ಲೈಟ್

ರಾಣೆಬೆನ್ನೂರಿನ ಮೆಕ್ಯಾನಿಕ್ ಫಕೀರಪ್ಪನ ಗ್ಯಾರೇಜಿಗೆ ನಿವೃತ್ತ ಎಂಜಿನಿಯರ್ ದೇಶಮಾನೆ ಸಾಹೇಬರು ಹಳೆಯ ಕಾರು ತಂದರು. ಹೆಡ್‌ಲೈಟುಗಳ ಪ್ಲಾಸ್ಟಿಕ್ ಗಾಜು ಅರಿಶಿನ ಬಳಿದಂತೆ ಹಳದಿಯಾಗಿತ್ತು. ಅಂದು ಮಧ್ಯಾಹ್ನವೇ ಆರ್‌ಟಿಒ ಕಚೇರಿಯಲ್ಲಿ ಕಾರಿನ ತಪಾಸಣೆ.

ಫಕೀರಪ್ಪ ಬಲಗಡೆಯ ಗಾಜಿಗೆ ನೀರು ಸುರಿದು ಉಪ್ಪುಕಾಗದದಿಂದ ತಿಕ್ಕಿದ. ಗಾಜು ಮಜ್ಜಿಗೆಯ ಹಾಗೆ ಬೆಳ್ಳಗಾಯಿತು.

ಸಾಹೇಬರು ಹೌಹಾರಿದರು. "ಹಾಳು ಮಾಡಿದೆಲ್ಲೋ! ಹಾಳು ಮಾಡೇನಿ ಅಂತ ಬರಕೊಡು. ಇಲ್ಲಂದ್ರ ಗ್ಯಾರೇಜು ಮುಚ್ಚಸ್ತೀನಿ!"

"ಇನ್ನೂ ಪಾಲಿಶ್ ಆಗಬೇಕ್ರಿ."

"ಎಂಜಿನಿಯರಿಗೆ ಕಲಿಸ್ತಿ ಏನು? ಬರಿ!"

ಫಕೀರಪ್ಪ ತಣ್ಣಗೆ ಬರೆದುಕೊಟ್ಟ: 'ಬಲಗಡೆಯದನ್ನು ಹಾಳು ಮಾಡಿದ್ದೇನೆ. ಎಡಗಡೆಯದನ್ನೂ ಹಾಳು ಮಾಡೆಂದು ಸಾಹೇಬರು ಬರೆದುಕೊಡುವ ತನಕ ಮುಟ್ಟುವುದಿಲ್ಲ.'

ಸಾಹೇಬರು ಕಾಗದವನ್ನು ಜೇಬಿಗಿಳಿಸಿದರು.

"ಹಾಳಾದದ್ದಕ್ಕ ಪಾಲಿಶ್ ಹಚ್ಚಲೇನ್ರಿ?"

"ಕೆಟ್ಟದ್ದು ಇನ್ನೇನು ಕೆಡ್ತದ? ಹಚ್ಚು!"

ಫಕೀರಪ್ಪ ಪಾಲಿಶ್ ಹಚ್ಚಿ ಬಟ್ಟೆಯಿಂದ ಉಜ್ಜಿದ. ಗಾಜು ಹೊಸದರಂತೆ ಫಳಫಳ ಹೊಳೆಯಿತು. ಪಕ್ಕದಲ್ಲಿ ಎಡಗಡೆಯದು ಇನ್ನೂ ಹಳದಿ. ಸಾಹೇಬರು ಎರಡನ್ನೂ ನೋಡಿದರು. ಗಡಿಯಾರ ನೋಡಿದರು. ಹನ್ನೊಂದೂವರೆ.

"ಅದನ್ನೂ ಮಾಡಿಬಿಡೋ ಫಕೀರಪ್ಪ," ಅಂದರು ಮೆಲ್ಲಗೆ.

"ಮಾಡೋಣ್ರಿ. ಬರಕೊಡ್ರಿ."

"ಏನಂತ ಬರೀಲಿ?"

"ನಿಮ್ಮ ಜೇಬಿನ ಕಾಗದದಾಗ ಐತಲ್ರಿ."

ಸಾಹೇಬರು ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದರು: 'ಎಡಗಡೆಯದನ್ನೂ ದಯವಿಟ್ಟು ಹಾಳು ಮಾಡು.'