ಅಪ್ಪಾಲೆ ತಿಪ್ಪಾಲೆ ಆಡಿದ ನಕ್ಷತ್ರ

ಗುರು ಪರಂಜ್ಯೋತಯ್ಯನವರ ಹೊಟ್ಟೆ ಎಂಥದ್ದೆಂದರೆ, ಅವರು ಹೊಳೆಗಿಳಿದರೆ ನೀರು ಎದ್ದು ಆಚೆ ದಡದಲ್ಲಿ ಕೂತು ಕಾಯುತ್ತಿತ್ತು. ಸುಳ್ಳೆನ್ನುವವರು ಹೊಳೆಯನ್ನೇ ಕೇಳಿಕೊಳ್ಳಲಿ.

ಆ ಹೊಳೆದಂಡೆಯ ಆಶ್ರಮದಲ್ಲಿ ಜಪಕ್ಕಿಂತ ನಕ್ಷತ್ರ ನೋಡುವುದೇ ಜಾಸ್ತಿ. ಕಡ್ಡಿಯಂಥ ಶಿಷ್ಯ ಕುಬೇರನ ಪಾಲಿಗೆ ಬಂದದ್ದು ಒಂದೇ ನಕ್ಷತ್ರ. ಪಕ್ಕದಲ್ಲಿ ಏನೂ ಕಾಣದ್ದರಿಂದ ಪಟ್ಟಿಯಲ್ಲಿ ‘ಒಂಟಿ’ ಎಂದು ಬರೆದು, ಎರಡು ವರ್ಷ ಅದರ ಬೆಳಕನ್ನೇ ಅಳೆದ.

ಒಂದು ಬೆಳಿಗ್ಗೆ ಬಟ್ಟೆಗಂಟು ಕಂಕುಳಲ್ಲಿಟ್ಟು ಗುರುಗಳ ಮುಂದೆ ನಿಂತ.

"ಎಲ್ಲಿಗೋ ಸವಾರಿ?"

"ಊರಿಗೆ. ನನ್ನ ಕಣ್ಣು ಈ ಕೆಲಸಕ್ಕಲ್ಲ, ಗುರುಗಳೇ. ನಕ್ಷತ್ರ ಇತ್ತ ಬರುವಾಗ ಬೆಳಕು ತುಸು ನೀಲಿಗೆ ಸರಿಯುತ್ತದೆ, ಅತ್ತ ಹೋಗುವಾಗ ಕೆಂಪಿಗೆ. ಎಂಬತ್ತು ದಿನಕ್ಕೊಮ್ಮೆ ತಪ್ಪದೆ ಹೀಗೇ. ಲೆಕ್ಕ ಹಾಕಿದರೆ ಪಕ್ಕದಲ್ಲಿ ಹತ್ತು ಸೂರ್ಯರ ತೂಕ ಇರಬೇಕು. ನೋಡಿದರೆ ಏನೂ ಇಲ್ಲ! ಬರೆದದ್ದನ್ನೆಲ್ಲ ಹೊಳೆಗೆ ಹಾಕಿ ಹೋಗುತ್ತೇನೆ."

"ಗಂಟು ಬಾಗಿಲ ಹತ್ತಿರ ಇಡು. ಅಪ್ಪಾಲೆ ತಿಪ್ಪಾಲೆ ಆಡೋಣ ಬಾ."

"ಈ ವಯಸ್ಸಿನಲ್ಲಾ?"

"ವಯಸ್ಸಾಗಿರುವುದು ನನಗೆ, ಹೊಟ್ಟೆಗಲ್ಲ. ಕೈ ಕೊಡು."

ಕೈಗೆ ಕೈ ಹೆಣೆದು, ಪಾದಕ್ಕೆ ಪಾದ ತಾಗಿಸಿ, ಇಬ್ಬರೂ ಹಿಂದಕ್ಕೆ ವಾಲಿ ಸುತ್ತಿದರು. ಸುತ್ತಿದರೇನು, ಗುರುಗಳು ನಿಂತಲ್ಲೇ ತಿರುಗಿದರು, ಕುಬೇರ ಗಾಳಿಯಲ್ಲಿ ಹಾರಿದ. ಆ ರಭಸ ನೋಡಿದ ಆಶ್ರಮದ ಹಸು ಮೂರು ದಿನ ಮಜ್ಜಿಗೆಯನ್ನೇ ಕರೆಯಿತು.

"ಕಣ್ಣು ಮುಚ್ಚು! ಕಾಣುತ್ತೇನಾ?"

"ಇಲ್ಲ!"

"ಹಾಗಾದರೆ ನಾನಿಲ್ಲ!"

"ಇದ್ದೀರಿ, ಇದ್ದೀರಿ! ಇಲ್ಲದಿದ್ದರೆ ಇಷ್ಟು ಹೊತ್ತಿಗೆ ನಾನು ಹೊಳೆಯಲ್ಲಿರುತ್ತಿದ್ದೆ!"

"ಎಷ್ಟು ತೂಕ ಇದ್ದೇನೆ?"

"ಹೇಳಿದರೆ ಕೈ ಬಿಡುತ್ತೀರಿ!"

ಕೊನೆಗೆ ನಿಂತರು. ಕುಬೇರ ಧೊಪ್ಪೆಂದು ಕೂತ. ಆಶ್ರಮ ಇನ್ನೂ ಸುತ್ತುತ್ತಿತ್ತು.

"ಗುರುಗಳೇ, ಹಾಗಾದರೆ ಅದರ ಕೈ ಹಿಡಿದಿರುವುದು ಯಾವುದೋ ಮಂಕು ನಕ್ಷತ್ರ."

"ಹತ್ತು ಸೂರ್ಯರ ತೂಕದ್ದು ಮಂಕಾಗಿರುತ್ತದೇನೋ, ಪೆದ್ದಾ? ನಕ್ಷತ್ರವಾಗಿದ್ದರೆ ಕಣ್ಣು ಕುಕ್ಕಬೇಕಿತ್ತು."

ಕುಬೇರ ತನ್ನ ಲೆಕ್ಕವನ್ನು ಮತ್ತೆ ನೆನೆದ. ಅಷ್ಟು ಭಾರ. ಒಂದು ಹನಿ ಬೆಳಕಿಲ್ಲ.

"ಬೆಳಕನ್ನೂ ನುಂಗುವ ಕಪ್ಪುಕುಳಿ," ಎಂದ ಮೆಲ್ಲಗೆ.

ಬಲಗೈ ಬಿಡಿಸಿಕೊಂಡು, ಸೊಂಟಕ್ಕೆ ಸಿಕ್ಕಿಸಿದ್ದ ಪಟ್ಟಿಯನ್ನು ತೊಡೆಯ ಮೇಲೆ ತೆರೆದು, ‘ಒಂಟಿ’ಯನ್ನು ಹೊಡೆದುಹಾಕಿ ‘ಜೋಡಿ’ ಎಂದು ಬರೆದ. ಎಡಗೈ ಇನ್ನೂ ಗುರುಗಳ ಮುಷ್ಟಿಯಲ್ಲೇ ಇತ್ತು.

"ಆಟ ಮುಗಿಯಿತಲ್ಲ, ಗುರುಗಳೇ. ಕೈ ಬಿಡಿ."

"ನಿನ್ನ ಗಂಟು ಇನ್ನೂ ಬಾಗಿಲಲ್ಲೇ ಕೂತಿದೆ, ಮಗಾ."