ಚಳಿಗೆ ಕುಂತ ಫಕೀರವ್ವ

ಬಾಳ ಹಿಂದಕ, ನನ್ನ ಮುತ್ಯಾನ ಮುತ್ಯಾ ಇನ್ನೂ ಹುಟ್ಟಿರದ ಕಾಲಕ್ಕ, ಎರಿ ಮಣ್ಣಿನ ಸೀಮ್ಯಾಗ ಒಂದು ಊರಿತ್ತಂತ. ಆ ಊರಿಗೆ ಫಕೀರವ್ವ ಅನ್ನಾಕಿ ಸೊಸಿಯಾಗಿ ಬಂದ್ಲು. ಬರೂ ಮುಂದ ತಲಿ ಮ್ಯಾಲ ಮೂರು ಬುಟ್ಟಿ ಹೊತ್ತು ಬಂದ್ಲು ಅಂತಾರ. ಒಂದು ತಲಿ ಮ್ಯಾಲ ಮೂರು ಬುಟ್ಟಿ ಹೆಂಗ ಕುಂದರತಾವು ಅಂತ ನನ್ನ ಕೇಳಬ್ಯಾಡ್ರಿ, ನಾ ಏನು ಹೊರಿಸಿಲ್ಲ. ಬುಟ್ಟಿಯೊಳಗ ಇದ್ದದ್ದು ತವರಿನ ಉಳ್ಳಾಗಡ್ಡಿ. ಒಂದು ಹೆಚ್ಚಿದ್ರ ಓಣಿ ಮಂದೆಲ್ಲಾ ಕಣ್ಣು ಒರೆಸ್ಕೋಬೇಕು, ಅಂಥಾ ಖಾರ.

ಆ ವರ್ಷನ ಹೊಳಿ ಬಂದು ತವರೂರು ಕೊಚ್ಕೊಂಡು ಹೋತು. ಅವ್ವ ಹೋದ್ಲು, ಹೊಲ ಹೋತು. ಆ ತಳಿ ಉಳಿದದ್ದು ಈಕಿ ಹತ್ರ ಅಷ್ಟ. ಉಳ್ಳಾಗಡ್ಡಿ ಬೀಜದ ಹಣೇಬಾರ ನಿಮಗ ಗೊತ್ತದ, ವರ್ಷ ದಾಟಿದ್ರ ಹುಟ್ಟಂಗಿಲ್ಲ. ಗಡ್ಡಿ ಹಚ್ಚಬೇಕು, ಹೂ ಬರಬೇಕು, ಹೊಸಾ ಬೀಜ ಆಗಬೇಕು.

ಅತ್ತಿ ಶಿವಗಂಗವ್ವ ಕೆಟ್ಟಾಕಿ ಅಲ್ಲ. ತೊಂದರಿ ಬಂದದ್ದೂ ಅಲ್ಲೇ ನೋಡ್ರಿ. ಸೊಸಿ ತವರಿನ ಗಡ್ಡಿ, ಚಳಿ ಹತ್ತಬಾರದು ಅಂತ ಕೌದಿ ಸುತ್ತಿ ಒಲಿ ಮ್ಯಾಲಿನ ಅಟ್ಟದಾಗ ಬೆಚ್ಚಗ ಇಟ್ಲು. ಚಳಿಗಾಲ ಮುಗದ ಮ್ಯಾಲ ಹಚ್ಚಿದ್ರು. ಎಲಿ ಬಂತು, ಮೊಣಕಾಲುದ್ದ ಬಂತು, ಹೂ ಬರಲಿಲ್ಲ. ಮರುವರ್ಷನೂ ಅಷ್ಟ. ಗಡ್ಡಿ ಮಣ್ಣಾಗ ಒಡದು ಒಡದು ಸಣ್ಣ ಆದ್ವು, ಮೂರು ಬುಟ್ಟಿ ಹೋಗಿ ಒಂದು ಉಳೀತು.

ಫಕೀರವ್ವಗ ಕುಂತಲ್ಲಿ ಕುಂದ್ರಾಕ ಆಗವಲ್ದು. ರೊಟ್ಟಿ ಬಡಿಯಾಕಿ ನಡುವ ಎದ್ದು ಅಟ್ಟ ಹತ್ತಿ ಗಡ್ಡಿ ಮುಟ್ಟಿ ಬರಾಕಿ, ಹಂಚಿನ ಮ್ಯಾಲ ರೊಟ್ಟಿ ಸೀದು ಹೋಗೂದು. ನೀರಿಗೆ ಹೋದಾಕಿ ಕೊಡ ಬಿಟ್ಟು ಹೊಲಕ್ಕ ಹೋಗಿ ನಿಲ್ಲಾಕಿ. ತವರೂ ಹೋತು, ತವರಿನ ಗಡ್ಡೀನೂ ಹೋತು ಬಿಡು ಅಂತ ಮಂದಿ ಆಡ್ಕೊಂಡ್ರು. ಅದನ್ನ ಕೇಳಿದಾಗೆಲ್ಲಾ ಆಕಿಗೆ ಅವ್ವ ಎರಡನೇ ಸಲ ಸತ್ತಂಗ ಆಗ್ತಿತ್ತು.

ಒಂದಿನ ನಸುಕಿನ್ಯಾಗ ಹಿಂಗ ಬದುವಿನ ಮ್ಯಾಲ ತಿರಗ್ಯಾಡೂ ಮುಂದ ಇಬ್ಬನಿಗೆ ಕಾಲು ತೊಯ್ದವು. ಅಷ್ಟಕ್ಕ ನಿಂತುಬಿಟ್ಲಂತ. ಸಣ್ಣಾಕಿ ಇದ್ದಾಗ ದಿನಾ ಮುಂಜಾನೆ ಮಾಳಗಿ ಹತ್ತಿ ಬೀಜದ ಗಡ್ಡಿ ಬುಟ್ಟಿ ಮ್ಯಾಲಿನ ಇಬ್ಬನಿ ಝಾಡಿಸೂದು ಆಕಿ ಕೆಲಸ. ಬೆರಳು ಸೆಟೆದು ಅಳತಿದ್ಲು. ಎವ್ವಾ, ಇಬ್ಬನಿ ಬಿದ್ದದ್ದು ಹೆಂಗ? ಅವ್ವ ಬುಟ್ಟಿ ಹೊರಗ ಇಡತಿದ್ಲು, ಚಳ್ಯಾಗ! ಚಳಿ ಉಂಡ್ರನ ಗಡ್ಡಿ ಹೂ ಬಿಡೂದು!

ಓಡಿ ಬಂದು ಬುಟ್ಟಿ ಇಳಿಸಿ ಹೊರಗ ಇಟ್ಲು. ಶಿವಗಂಗವ್ವ ಒಳಗ ತಂದ್ಲು. ಈಕಿ ಹೊರಗ, ಆಕಿ ಒಳಗ. ಮೂರು ದಿನ ಇದ ನಡೀತಂತ. ಇದ್ದದ್ದೊಂದು ಬುಟ್ಟಿ, ಚಳಿ ಹೊಡದ್ರ ಕೊಳತು ಹೋಗ್ತದ ಅಂತ ಅತ್ತಿಗೂ ಜೀವ ಕೈಯಾಗ ಹಿಡದಂಗ. ಕಡೀಕ ಫಕೀರವ್ವ ಬುಟ್ಟಿ ಹೊತ್ತು ಹೊಲಕ್ಕ ಹೋಗಿ ಬಾಜೂಕ ಕುಂತ್ಲು. ಕಂಬಳಿನೂ ಹೊದಿಲಿಲ್ಲ. ಗಡ್ಡಿಗೆ ಎಷ್ಟು ಚಳಿನೋ ನನಗೂ ಅಷ್ಟ ಇರಲಿ ಅಂದ್ಲಂತ. ಇಪ್ಪತ್ತು ದಿನ ಕುಂತ್ಲು ಅಂತಾರ ಕೆಲವರು, ನಲವತ್ತು ಅಂತಾರ ಕೆಲವರು. ಆಕಿ ಹಲ್ಲು ಕಟಕಟ ಅನ್ನೂದು ಆಚಿ ಊರಿಗೆ ಕೇಳಸ್ತಿತ್ತಂತ. ಸುಳ್ಳಿಗೂ ಒಂದು ಮಿತಿ ಬ್ಯಾಡೇನು?

ಅತ್ತಿ ದಿನಾ ಕೌದಿ ತಂದು ಹೊದಿಸಾಕಿ, ಈಕಿ ತಗದು ಒಗಿಯಾಕಿ. ಒಂದು ಮುಂಜಾನೆ ಶಿವಗಂಗವ್ವ ಬಂದು ನೋಡಿದ್ಲು. ಸೊಸಿ ತುಟಿ ಕಪ್ಪಾಗಿದ್ವು. ತಾ ಹೊದ್ದಿದ್ದ ಕೌದೀನೂ ತಗದಿಟ್ಟು ಬುಟ್ಟಿಯ ಆ ಕಡೆ ಕುಂತ್ಲು.

"ಇನ್ನೆಷ್ಟು ದಿನ ಬೇಕು ಇದಕ್ಕ?"

"ಗೊತ್ತಿಲ್ರಿ ಅತ್ತಿ," ಅಂತ ಫಕೀರವ್ವ ಅತ್ತೇ ಬಿಟ್ಲು.

ಸಂಕ್ರಾಂತಿ ಮುಗಿಸಿ ಗಡ್ಡಿ ಹಚ್ಚಿದ್ರು. ಅಷ್ಟೊತ್ತಿಗೆ ಮುದುಕಿ ಎದಿಗೆ ಚಳಿ ಇಳದಿತ್ತು. ಕೆಮ್ಮು ಹತ್ತಿ ಹಾಸಿಗಿ ಹಿಡದ್ಲು. ಫಕೀರವ್ವ ಹೊಲಕ್ಕ ಓಡಾಕಿ, ಅತ್ತಿ ಹತ್ರ ಓಡಾಕಿ. ಇಬ್ಬರ ನಡುವ ಆಕಿ ಕಾಲು ನೆಲಕ್ಕ ಹತ್ತಲಿಲ್ಲ ಅಂತಾರ. ಹೋಳಿ ಹುಣ್ಣಿವಿ ಹಿಂದುಮುಂದ ಎಲಿ ನಡುವ ಒಂದು ದಂಟು ಎದ್ದಿತ್ತು. ಮುಂದ ಕೆಲವು ದಿನಕ್ಕ ಅದರ ತುದಿಗೆ ಬೆಳ್ಳನ ಗುಂಡನ ಹೂ ಬಿಚ್ಚಿತು.

ಫಕೀರವ್ವ ಹಿಂದಮುಂದ ನೋಡಲಿಲ್ಲ. ಆ ಮೊದಲನೇ ಹೂ ಕೊಯ್ದು ಮನಿಗೆ ಓಡಿ ಅತ್ತಿ ಕೈಯಾಗ ಇಟ್ಲು.

"ಹುಚ್ಚಿ! ಬೀಜ ಆಗೂದನ್ನ ಕೊಯ್ಕೊಂಡು ಬಂದ್ಯಲ್ಲ, ಬುದ್ಧಿ ಎಲ್ಲಿಟ್ಟಿ?" ಅಂತ ಶಿವಗಂಗವ್ವ ಬೈದ್ಲು. ಕೆಮ್ಮು ಬಂದ್ರೂ ಬಿಡದ ಬೈದ್ಲು. ಬೈತಾ ಬೈತಾ ಹೂವಿನ ಮ್ಯಾಲ ಕೈ ಆಡಿಸಿದ್ಲು. ಉಳಿದ ಹೂ ಬೀಜ ಕಟ್ಟೂದರೊಳಗ ಆಕಿ ಇರಲಿಲ್ಲ.

ಆ ಬೀಜ ಊರು ತುಂಬ ಹರಡಿತು, ಸೀಮಿ ತುಂಬ ಹೋತು. ಈಗೂ ಆ ಕಡೆ ಬೀಜದ ಬುಟ್ಟಿ ಹೊರಗ ಇಟ್ಟ ಮೊದಲನೇ ಮುಂಜಾನೆ ಅತ್ತಿ-ಸೊಸಿ ಹೊದಿಲಾರದ ಅದರ ಆಜೂಬಾಜೂ ಕುಂದರತಾರ. ಹೂ ಬಂದಾಗ ಮೊದಲನೇದು ಬೀಜಕ್ಕ ಬಿಡಂಗಿಲ್ಲ, ಕೊಯ್ದು ಮನಿ ಹಿರೇ ಹೆಣಮಗಳ ಕೈಯಾಗ ಕೊಡ್ತಾರ. ಆಕಿ ಬೈಬೇಕು. ಮನಸಿಟ್ಟು, ಜೋರಾಗಿ ಬೈಬೇಕು. ಆಕಿ ಬೈಲಿಲ್ಲಂದ್ರ ಆ ವರ್ಷದ ಬೀಜ ಹುಟ್ಟಂಗಿಲ್ಲ ಅಂತಾರ.