ಕಾಲು ನಡೆಯದ ಗೆರೆ

“ಗುರುಗಳೇ, ಕೇಳಲು ಬಂದವರಿಗೆ ‘ನನಗೆ ಗೊತ್ತಿಲ್ಲ’ ಎಂದುಬಿಟ್ಟರೆ ಅವರು ಎದ್ದು ಹೋಗುವುದಿಲ್ಲವೇ?”

ಶಿಷ್ಯ ಮರುದಿನ ಬೇರೆ ಊರಿನ ಮಠಕ್ಕೆ ಹೊರಡುವವನಿದ್ದ. ಅಲ್ಲಿ ಕೂತು ಜನರ ಪ್ರಶ್ನೆಗಳಿಗೆ ಉತ್ತರ ಹೇಳಬೇಕಿತ್ತು. ಅವನಿಗೆ ಗೊತ್ತಿದ್ದ ಉತ್ತರಗಳು ಸುಮಾರು ಇದ್ದವು. ಗೊತ್ತಿಲ್ಲದವು ಅದಕ್ಕಿಂತ ಹೆಚ್ಚು ಇದ್ದವು.

ಗುರುಗಳು ಕಾಲು ಚಾಚಿ ಗೋಡೆಗೆ ಒರಗಿದರು. “ಹೋಗುತ್ತಾರೋ ಇಲ್ಲವೋ ಆಮೇಲೆ ನೋಡೋಣ. ಮೊದಲು ಒಂದು ಕತೆ ಕೇಳು. ನಡೆದದ್ದು. ನಾನೇ ಅಲ್ಲಿದ್ದೆ. ನಾನು ಅಲ್ಲಿರಲಿಲ್ಲ ಎನ್ನುವವರೂ ಇದ್ದಾರೆ. ಆದರೆ ಅವರು ಅಲ್ಲಿರಲಿಲ್ಲ.”

ಹೀಗೆಂದು ಶುರುಮಾಡಿದರು.

ಒಂದು ಸೀಮೆ. ಅಲ್ಲಿ ಮಣ್ಣೂ ಕಪ್ಪು, ಕಲ್ಲೂ ಕಪ್ಪು. ಊರಿನ ಹೆಸರು ಹೇಳಿದರೆ ಆ ಊರಿನವರು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಹೇಳದಿದ್ದರೆ ಐದೂರಿನವರು ನಮ್ಮೂರೇ ಅನ್ನುತ್ತಾರೆ. ಜಗಳಕ್ಕಿಂತ ಹೆಮ್ಮೆ ಮೇಲು. ಹೇಳುವುದಿಲ್ಲ.

ಆ ಸೀಮೆಗೆ ಒಬ್ಬ ನಕಾಶೆಗಾರ ಬಂದ. ಅವನು ಊರು, ದಾರಿ ಬರೆಯುವವನಲ್ಲ. ಕಲ್ಲಿನ ನಕಾಶೆ ಬರೆಯುವವನು. ನೆಲದ ಕೆಳಗೆ ಯಾವ ಕಲ್ಲಿದೆ, ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು, ಇದೇ ಅವನ ಕೆಲಸ. ಕೈಯಲ್ಲಿ ಒಂದು ಸುತ್ತಿಗೆ, ಹೆಗಲಿಗೆ ಒಂದು ಚೀಲ. ಕಂಡ ಕಲ್ಲನ್ನೆಲ್ಲ ಒಡೆದು ಒಳಮೈ ನೋಡುತ್ತಿದ್ದ. ಊರ ನಾಯಿಗಳು ಮೊದಮೊದಲು ಬೊಗಳಿದವು. ಆಮೇಲೆ ಅವೂ ಬೇಸತ್ತವು.

ಆ ಸೀಮೆಯ ಸಂಗತಿ ಇದು. ಮನುಷ್ಯ ಹುಟ್ಟುವುದಕ್ಕೆ ಬಹಳ ಮುಂಚೆ ನೆಲ ಬಿರಿಯಿತು. ಕಲ್ಲು ಕರಗಿ ಗಂಜಿಯಂತೆ ಹರಿಯಿತು. ಆರಿತು. ಬಹಳ ಕಾಲ ಸುಮ್ಮನಿತ್ತು. ಅದರ ಮೇಲೆ ಮಣ್ಣಾಯಿತು. ಮತ್ತೆ ಬಿರಿಯಿತು, ಮತ್ತೆ ಹರಿಯಿತು. ಹೊಸ ಬೆಂಕಿ ಹಳೆಯ ಮಣ್ಣನ್ನು ಇಟ್ಟಿಗೆಯಂತೆ ಸುಟ್ಟಿತು. ಹೀಗೆ ಕರಿಕಲ್ಲಿನ ಮೇಲೆ ಕರಿಕಲ್ಲು, ನಡುವೆ ಒಂದು ಕೆಂಪು ಪದರ. ರೊಟ್ಟಿಯ ಮೇಲೆ ರೊಟ್ಟಿ ಒಟ್ಟಿ ನಡುವೆ ಕೆಂಪು ಚಟ್ನಿ ಸವರಿದ ಹಾಗೆ.

ಬಾವಿ ತೋಡುವವರಿಗೆ ಆ ಕೆಂಪು ಅಂದರೆ ಜೀವಭಯ. ಕರಿಕಲ್ಲು ನಿಲ್ಲುತ್ತದೆ, ಕೆಂಪು ನಿಲ್ಲುವುದಿಲ್ಲ. ಅದರ ಕೆಳಗೆ ನೀರು ಒತ್ತಿಕೊಂಡು ಕೂತಿರುತ್ತದೆ. ಗೊತ್ತಿಲ್ಲದೆ ಹಾರೆ ಇಳಿಸಿದರೆ ತಳ ಒಡೆದು ನೀರೂ ಕೆಸರೂ ಒಟ್ಟಿಗೆ ನುಗ್ಗುತ್ತವೆ. ಒಳಗಿದ್ದವನು ಒಳಗೇ.

ನಕಾಶೆಗಾರನಿಗೆ ಅವನ ಗುರು ಒಂದು ಮಾತು ಕಲಿಸಿದ್ದ. ಕಾಲು ನಡೆದಲ್ಲಿ ತುಂಬುಗೆರೆ, ತಲೆ ನಡೆದಲ್ಲಿ ತುಂಡುಗೆರೆ. ಕಣ್ಣಾರೆ ಕಂಡದ್ದನ್ನು ಉದ್ದಕ್ಕೆ ಎಳೆ. ಊಹಿಸಿದ್ದನ್ನು ಬಿಟ್ಟು ಬಿಟ್ಟು ಎಳೆ. ಆ ಕಸುಬಿನವರೆಲ್ಲ ಹಾಗೆಯೇ ಬರೆಯುತ್ತಾರೆ.

ಅವನು ಊರಿನ ಮೂಡಣ ಗುಡ್ಡ ಹತ್ತಿದ. ಕೆಂಪು ಪದರ ಸಿಕ್ಕಿತು. ಪಡುವಣ ಗುಡ್ಡ ಹತ್ತಿದ. ಅದೇ ಮಟ್ಟದಲ್ಲಿ ಸಿಕ್ಕಿತು. ನಡುವೆ, ಊರಿಗೆ ತಗುಲಿದಂತೆ, ಒಂದು ಹಳ್ಳ. ತುಂಬ ಜಾಲಿಮುಳ್ಳು. ಅದರ ಕಡಿದಾದ ದರಿಯ ಮೈಗೆ ಹೆಜ್ಜೇನು. ಹಿಂದಿನ ದಿನವಷ್ಟೇ ಅವನ ಕಾಲಿಗೆ ಮುಳ್ಳು ಮುರಿದಿತ್ತು. ಈಚೆಗೂ ಇದೆ, ಆಚೆಗೂ ಇದೆ, ನಡುವೆ ಎಲ್ಲಿಗೆ ಹೋದೀತು ಅಂದುಕೊಂಡ. ಹಳ್ಳಕ್ಕೆ ಇಳಿಯಲಿಲ್ಲ. ತುಂಡುಗೆರೆ ಎಳೆದ. ಅಲ್ಲಿಯವರೆಗೆ ತಪ್ಪೇನೂ ಇಲ್ಲ.

ನಕಾಶೆ ಮೇಲಧಿಕಾರಿಯ ಮೇಜಿಗೆ ಹೋಯಿತು.

“ಏನ್ರೀ ಇದು, ಇಲಿ ಕಡಿದ ಹಾಗೆ? ಅಲ್ಲಿ ಕೆಂಪು ಇದೆಯೋ ಇಲ್ಲವೋ?”

“ಇರಬಹುದು, ಸರ್.”

“ಇರಬಹುದು ಅನ್ನೋದಕ್ಕೆ ನಕಾಶೆ ಯಾಕೆ ಬೇಕು? ಗಿಣಿಶಾಸ್ತ್ರ ಸಾಕು.”

ಪಕ್ಕದ ಮೇಜಿನವರು ನಕ್ಕರು. ನಕಾಶೆಗಾರನ ಕಿವಿ ಬಿಸಿಯಾಯಿತು. ಲೇಖನಿ ಅದ್ದಿದ. ತುಂಡುಗಳನ್ನು ಕೂಡಿಸಿದ. ಎರಡು ಬೆರಳಿನಷ್ಟು ಗೆರೆ. ಮಸಿ ಆರುವವರೆಗೆ ಮನಸ್ಸಿಗೆ ಅಳುಕಿತ್ತು. ಮಸಿ ಆರಿತು, ಅಳುಕೂ ಆರಿತು. ಅದೇ ಕೈಯಲ್ಲಿ ಇನ್ನೂ ಕೆಲವು ಗೆರೆ ಕೂಡಿಸಿದ.

ನಕಾಶೆ ಅಚ್ಚಾಗಿ ಊರಿನ ಚಾವಡಿಯ ಗೋಡೆಗೆ ಬಂತು. ಮರುವರ್ಷ ಊರವರು ಕುಡಿಯುವ ನೀರಿಗೆ ಬಾವಿ ತೋಡಿಸಲು ಹೊರಟರು. ಬಾವಿ ತೋಡುವವನು ಇಬ್ಬರು ತಮ್ಮಂದಿರೊಂದಿಗೆ ಬಂದ. ಹೆಂಡತಿ ಮೇಲೆ ರಾಟೆಯ ಹತ್ತಿರ ನಿಲ್ಲುವವಳು. ಅವರಿಗೆ ತಮ್ಮದೇ ಪದ್ಧತಿ ಇತ್ತು. ಹತ್ತು ಮೊಳ ದಾಟಿದ ಮೇಲೆ ಒಬ್ಬನೇ ಇಳಿಯಬೇಕು. ಸೊಂಟಕ್ಕೆ ಹಗ್ಗ ಕಟ್ಟಬೇಕು. ಪ್ರತಿ ಮೊಳಕ್ಕೂ ಮೊದಲು ನೆಲ ತಟ್ಟಿ ಕಿವಿ ಇಡಬೇಕು. ಬೆರಳು ಗಾತ್ರದ ತೂತು ಹಾಕಿ ಕಾಯಬೇಕು. ಹಾಗೆ ತೋಡಿದರೆ ಒಂದು ಬಾವಿಗೆ ಒಂದು ವರ್ಷ.

ಊರಿನ ಗೌಡ ಗೋಡೆಯ ಮೇಲೆ ಬೆರಳಿಟ್ಟು ತೋರಿಸಿದ. ಗೆರೆ ಅಖಂಡವಾಗಿತ್ತು. ಗೆರೆಯ ಲೆಕ್ಕದಲ್ಲಿ ಕೆಂಪು ಪದರ ನಲವತ್ತು ಮೊಳಕ್ಕೆ. ಅಂದರೆ ಮೂವತ್ತೆಂಟರವರೆಗೆ ಭಯವಿಲ್ಲ. ಮೂವರೂ ಒಟ್ಟಿಗೆ ಇಳಿದರು. ತಟ್ಟಲಿಲ್ಲ, ಕಿವಿ ಇಡಲಿಲ್ಲ. ಕೆಲಸ ಸರಸರ ಸಾಗಿತು.

ಆ ದಿನಗಳಲ್ಲೇ ನಕಾಶೆಗಾರ ಮುಂದಿನ ಸೀಮೆಗೆ ಹೊರಟಿದ್ದ. ದಾರಿಯಲ್ಲಿ ಆ ಹಳ್ಳ ಸಿಕ್ಕಿತು. ಊರವರು ಸೌದೆಗೆಂದು ಜಾಲಿ ಕಡಿದಿದ್ದರು. ಹೆಜ್ಜೇನು ಎದ್ದು ಹೋಗಿತ್ತು. ಒಳದಾರಿ ಎಂದು ಹಳ್ಳಕ್ಕೆ ಇಳಿದ. ತಲೆ ಎತ್ತಿ ದರಿಯ ಮೈ ನೋಡಿದ. ಕೆಂಪು ಪದರ ಅವನು ಬರೆದ ಮಟ್ಟದಲ್ಲಿ ಇರಲಿಲ್ಲ. ಬಹಳ ಮೇಲಿತ್ತು.

ಕಾರಣ ಹೊಳೆಯಲು ಅವನಿಗೆ ಹೊತ್ತು ಹಿಡಿಯಲಿಲ್ಲ. ಎರಡನೆಯ ಬೆಂಕಿ ಹರಿಯುವ ಮೊದಲು ಅಲ್ಲಿ ಒಂದು ದಿಬ್ಬವಿತ್ತು. ಬೆಂಕಿ ಅದನ್ನು ಮುಚ್ಚಿತು. ಮುಚ್ಚಿದ ಮಾತ್ರಕ್ಕೆ ದಿಬ್ಬ ಸಮವಾಗುವುದಿಲ್ಲ. ಮಟ್ಟ ನೋಡುವ ಕೊಳವೆ ತೆಗೆದು ಊರಿನ ನೆಲಕ್ಕೆ ಹಿಡಿದ. ಎಣಿಸಿದ. ಮತ್ತೆ ಎಣಿಸಿದ. ಊರ ಕೆಳಗೆ ಕೆಂಪು ಇರುವುದು ನಲವತ್ತು ಮೊಳಕ್ಕಲ್ಲ. ಇಪ್ಪತ್ತೊಂಬತ್ತಕ್ಕೆ.

ಆಗ ಅವನ ಕಿವಿಗೆ ಊರ ಕಡೆಯಿಂದ ಸದ್ದು ಬಿತ್ತು. ಕಬ್ಬಿಣದ ಮೇಲೆ ಕಬ್ಬಿಣ. ನೆಲದೊಳಗಿನಿಂದ.

ಓಡಿದ.

ಬಾವಿಯ ಸುತ್ತ ಕರಿಕಲ್ಲಿನ ರಾಶಿ. ರಾಟೆಯ ಹತ್ತಿರ ಬಾವಿಯವನ ಹೆಂಡತಿ ನಿಂತಿದ್ದಳು. ಬುಟ್ಟಿ ಎಳೆಯುತ್ತಿದ್ದಳು.

“ಎಷ್ಟು ಮೊಳ ಆತು?”

“ಇಪ್ಪತ್ತೆಂಟರಿ, ಸಾಹೇಬ್ರ. ನಿಮ್ಮ ಪುಣ್ಯದಿಂದ ಭರ್ರಂತ ಹೊಂಟೈತಿ. ನೆಳ್ಳಿಗೆ ಕೂಡ್ರಿ, ನೀರ ಕೊಡ್ತೀನಿ.”

ಇನ್ನು ಒಂದು ಮೊಳ. ನಕಾಶೆಗಾರನ ಬಾಯಲ್ಲಿ ನಿಜ ಬಂದು ನಿಂತಿತ್ತು. ನಿಂತೇ ಇತ್ತು. ಆ ಒಂದು ಮಾತು ಆಡಿದರೆ ಉಳಿದ ನಕಾಶೆಯ ಗತಿ ಏನು? ಅವನ ಗತಿ ಏನು?

“ಅವರನ್ನ ಊಟಕ್ಕೆ ಕರಿ.”

“ಊಟ ಆಗೇತ್ರಿ.”

ಒಂದು ಬುಟ್ಟಿ ಮೇಲೆ ಬಂತು.

“ಹಗ್ಗ ಸವೆದಂಗೈತಿ. ನಿಲ್ಲಿಸು.”

“ಹೊಸಾ ಹಗ್ಗರಿ. ಮೊನ್ನಿ ಸಂತ್ಯಾಗ ತಂದಿದ್ದು.”

ಇನ್ನೊಂದು ಬುಟ್ಟಿ ಬಂತು.

“ಇವತ್ತು ಅಮಾವಾಸ್ಯೆ. ಅಗೀಬಾರದು.”

ಅವಳು ಹಗ್ಗ ಬಿಡದೆ ತಿರುಗಿ ನೋಡಿದಳು. “ಅಮಾಸಿ ಹ್ವಾದ ವಾರ ಆತಲ್ರಿ. ಕಲ್ಲಿಂದ ಎಲ್ಲಾ ಗೊತ್ತು, ಅಮಾಸಿ ಗೊತ್ತಿಲ್ಲೇನ್ರಿ?”

ಮೂರನೆಯ ಬುಟ್ಟಿ ಬಂತು. ಅದರಲ್ಲಿ ಒಂದು ಕಲ್ಲು. ಮೂರು ಮೈ ಕಪ್ಪು. ನಾಲ್ಕನೆಯ ಮೈಗೆ ಕುಂಕುಮ ಸವರಿದ ಹಾಗೆ ಕೆಂಪು. ತಳದ ಕತ್ತಲಲ್ಲಿ ತೋಡುವವರಿಗೆ ಆ ಬಣ್ಣ ಕಂಡಿರಲಿಲ್ಲ.

ಕಲ್ಲು ಕೈಯಲ್ಲಿ ಹಿಡಿದೇ ಅವನು ಹೇಳಿದ. “ತಂಗಿ, ಆ ಗೆರೆ ಸುಳ್ಳು. ಹಳ್ಳದಾಗ ನಾ ನಡೆದಿಲ್ಲ. ನಡೆದಂಗ ಬರೆದೆ. ಕೆಂಪು ಅವರ ಕಾಲ ಕೆಳಗೇ ಐತಿ.”

ಅವಳ ಮುಖದ ನಗು ಹೋಯಿತು. ಬಾವಿಗೆ ಬಾಗಿ ಕೂಗಿದಳು. “ಏ, ಮ್ಯಾಲ ಬರ್ರಿ! ನಕಾಶಿ ಸುಳ್ಳಂತ! ಸಾಹೇಬ್ರ ಹೇಳಾಕತ್ತಾರ!”

ಕೆಳಗಿನಿಂದ ನಗೆ ಬಂತು. “ಸಾಹೇಬ್ರಿಗೆ ಬಿಸಲ ಬಡದೈತಿ, ನೆಳ್ಳಾಗ ಕುಂದ್ರಸು!”

ನಕಾಶೆಗಾರ ಬಾಗಿದ. “ಬರೆದವನು ನಾನೇ ಮಾರಾಯ!”

“ಬರದವ್ರು ಮರೀತಾರ್ರಿ. ಕಾಗದ ಮರಿಯೂದಿಲ್ಲ.”

ಸುತ್ತಿಗೆ ಮತ್ತೆ ಬಿತ್ತು.

ನೋಡು, ಅವನ ಬಾಯಿಗಿಂತ ಅವನ ಗೆರೆ ದೊಡ್ಡದಾಗಿತ್ತು. ಇನ್ನು ಕೂಗಿ ಪ್ರಯೋಜನವಿರಲಿಲ್ಲ. ಗುಡ್ಡ ಹತ್ತುವುದು ಅವನಿಗೆ ಆಟ. ಆದರೆ ಬಾವಿಗೆ ಇಳಿಯುವುದೆಂದರೆ ಭಯ. ಬುಟ್ಟಿಯಲ್ಲಿ ಕೂತ. ಕಣ್ಣು ಮುಚ್ಚಿದ. “ಇಳಿಸು” ಎಂದ. ಅವಳು ಇಳಿಸಿದಳು.

ತಳದಲ್ಲಿ ಮೂವರು. ಹಾರೆಯ ಮೊನೆ ಒಂದು ಬಿರುಕಿನಲ್ಲಿ ಕೂತಿತ್ತು. ಬಾವಿಯವನು ಸುತ್ತಿಗೆ ಎತ್ತಿದ್ದ. ನಕಾಶೆಗಾರ ಬುಟ್ಟಿಯಿಂದ ಇಳಿದವನೇ ಎರಡೂ ಅಂಗೈಯನ್ನು ಹಾರೆಯ ತಲೆಯ ಮೇಲೆ ಇಟ್ಟ.

“ಹೊಡೆಯೋದಾದರೆ ಇದರ ಮೇಲೆ ಹೊಡಿ.”

ಬಾವಿಯವನು ಅವನ ಮುಖ ನೋಡಿದ. ಆ ಮುಖದಲ್ಲಿ ರಕ್ತವಿರಲಿಲ್ಲ. ಅವನು ಸುತ್ತಿಗೆ ಕೆಳಗಿಟ್ಟ. ಮಂಡಿಯೂರಿದ. ಸುತ್ತಿಗೆಯ ಹಿಡಿಯಿಂದ ನೆಲ ತಟ್ಟಿ ಕಿವಿ ಇಟ್ಟ. ಗಟ್ಟಿ ಕರಿಕಲ್ಲು ಕಂಚಿನಂತೆ ನುಡಿಯಬೇಕು. ಇದು ತುಂಬಿದ ಗಡಿಗೆ ತಟ್ಟಿದ ಹಾಗೆ ನುಡಿಯಿತು.

ಬಾವಿಯವನು ಎದ್ದ. ಕಿರಿಯ ತಮ್ಮನ ತೋಳು ಹಿಡಿದು ಬುಟ್ಟಿಗೆ ಹಾಕಿದ. ಹಗ್ಗ ಎರಡು ಸಲ ಜಗ್ಗಿದ. ಬುಟ್ಟಿ ಹೋಯಿತು. ಕಾದರು. ಬುಟ್ಟಿ ಬಂತು. ಎರಡನೆಯ ತಮ್ಮ ಹೋದ. ಕಾದರು. ಹಾರೆ ಕೂತಿದ್ದ ಬಿರುಕಿನಿಂದ ಕೆಂಪು ನೀರು ಜಿನುಗಿತು. ಎಲೆಅಡಿಕೆ ಉಗುಳಿದಷ್ಟು. ಆಮೇಲೆ ಅಂಗೈಯಷ್ಟು. ಆಮೇಲೆ ಇಬ್ಬರ ಹಿಮ್ಮಡಿ ತೋಯುವಷ್ಟು.

ಬುಟ್ಟಿ ಬಂತು. ಅದು ಒಬ್ಬನ ಬುಟ್ಟಿ.

“ನೀನು ಹತ್ತು,” ಎಂದ ನಕಾಶೆಗಾರ. “ತಪ್ಪು ನಂದು.”

ಬಾವಿಯವನಿಗೆ ಸಿಟ್ಟು ಬಂತು. “ತಪ್ಪು ನಿಮ್ಮದು, ಖರೇನ. ಅದಕ್ಕ ನೀವ ಹತ್ರಿ. ನೀವು ಇಲ್ಲೇ ಸತ್ರ ಉಳದ ಗೆರಿಯಾಗ ಯಾವದು ಖರೇ, ಯಾವದು ಸುಳ್ಳು, ಯಾರು ಹೇಳಬೇಕ್ರಿ?”

ಎತ್ತಿ ಬುಟ್ಟಿಗೆ ಹಾಕಿದ. ತಾನು ಬುಟ್ಟಿಯ ಮೇಲಿನ ಹಗ್ಗವನ್ನು ಸೊಂಟಕ್ಕೆ ಸುತ್ತಿ ಜೋತುಬಿದ್ದ. ಮೇಲೆ ಹೆಂಡತಿ ಮತ್ತು ಇಬ್ಬರು ತಮ್ಮಂದಿರು ಎಳೆದರು. ರಾಟೆ ಕಿರುಗುಟ್ಟಿತು. ಅರ್ಧ ದಾರಿಯಲ್ಲಿ ಕೆಳಗೆ ಒಂದು ಸದ್ದಾಯಿತು. ದೊಡ್ಡ ಸದ್ದೇನೂ ಅಲ್ಲ. ಕುದಿಯುವ ಮಡಕೆಯ ಮುಚ್ಚಳ ಎದ್ದಂತೆ. ತಳ ಒಡೆಯಿತು. ಕೆಸರು ಎದ್ದು ಬಂತು. ಅವರು ಏರುವುದಕ್ಕಿಂತ ಅದು ಬೇಗ ಏರಿತು. ಬಾವಿಯವನ ಮಂಡಿಯವರೆಗೆ ಬಂತು. ಸೊಂಟದವರೆಗೆ ಬಂತು. ಹಗ್ಗ ಎಳೆಯುವವರ ಅಂಗೈ ಸುಲಿಯಿತು. ಯಾರೂ ಬಿಡಲಿಲ್ಲ.

ಮೇಲೆ ಬಂದು ಬಿದ್ದಾಗ ಯಾರು ಸಾಹೇಬ, ಯಾರು ಬಾವಿಯವನು ಎಂದು ಗುರುತು ಹತ್ತುತ್ತಿರಲಿಲ್ಲ. ಇಬ್ಬರೂ ಕೆಂಪು.

ಸಂಜೆಗೆ ಬಾವಿಯಲ್ಲಿ ಹದಿನೆಂಟು ಮೊಳ ನೀರು ನಿಂತಿತು. ಊರಿಗೆ ಊರೇ ಕುಣಿಯಿತು. ನಕಾಶೆಯಿಂದ ನೀರು ಬಂತು ಎಂದರು. ಗೌಡ ಚಾವಡಿಯಲ್ಲಿ ನಕಾಶೆಗಾರನಿಗೆ ಶಾಲು ಹೊದಿಸಲು ನಿಂತ. ಸುಮ್ಮನೆ ಹೊದ್ದು ಹೋಗಬಹುದಿತ್ತು. ನಾನಾಗಿದ್ದರೆ ಎರಡು ಶಾಲು ಕೇಳುತ್ತಿದ್ದೆ.

ಅವನು ಶಾಲು ಮುಟ್ಟಲಿಲ್ಲ. ಗೋಡೆಯಿಂದ ನಕಾಶೆ ಇಳಿಸಿದ. ಚಾಕು ತೆಗೆದ. ಎಲ್ಲರೆದುರು ಹಳ್ಳದ ಗೆರೆಯನ್ನು ಕೆರೆದು ಕೆರೆದು ತುಂಡು ಮಾಡಿದ. ಅಷ್ಟಕ್ಕೇ ನಿಲ್ಲಲಿಲ್ಲ. ನಕಾಶೆಯ ತೆಂಕಣಕ್ಕೆ ಹೋದ, ಅಲ್ಲಿ ಒಂದು ಕಡೆ ಕೆರೆದ. ಪಡುವಣಕ್ಕೆ ಹೋದ, ಅಲ್ಲಿ ಎರಡು ಕಡೆ. ಜನ ಎಣಿಸುತ್ತ ಹೋದರು. ನಗುವವರ ನಗೆ ನಿಂತಿತು. ಗೌಡ ಶಾಲು ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

“ಇನ್ನೂ ಎಷ್ಟದಾವ್ರಿ?” ಎಂದು ಬಾವಿಯವನ ಹೆಂಡತಿ ಕೇಳಿದಳು.

“ಇನ್ನೂ ಮೂರು,” ಎಂದ ಅವನು. ತಲೆ ಎತ್ತಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ಕಾದ. ಅವನು ಇನ್ನಷ್ಟು ಹತ್ತಿರಕ್ಕೆ ಸರಿದು ಕೂತ.

“ಆಮೇಲೆ, ಗುರುಗಳೇ? ಅಷ್ಟು ಕೆರೆದ ನಕಾಶೆಯನ್ನು ಜನ ನಂಬಿದರೇ?”

“ನನಗೆ ಗೊತ್ತಿಲ್ಲ,” ಎಂದರು ಗುರುಗಳು. “ನೀನು ಯಾಕೆ ಎದ್ದು ಹೋಗಲಿಲ್ಲ?”